ಹೆಸರಿಲ್ಲದ ಕಿವಿ

ಸಿದ್ದಾಪುರದ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿ, ನನ್ನ ದೂರದ ನಂಟರೊಬ್ಬರ ಮನೆಯಿದೆ. ಆ ಮನೆಯ ಸೊಸೆ ಆಶಾ ಕಾರ್ಯಕರ್ತೆ. ಕಳೆದ ಬೇಸಗೆಯಲ್ಲಿ ನಾನು ಅಲ್ಲಿ ಉಳಿದುಕೊಂಡಿದ್ದಾಗ ಆಕೆ ಒಂದು ಸಂಜೆ ಮುಖ ಬಾಡಿಸಿಕೊಂಡು ಮನೆಗೆ ಬಂದಳು. ಏನಾಯಿತೆಂದು ಅತ್ತೆ ಕೇಳಿದರೆ “ಏನಿಲ್ಲ” ಎಂದಳು. ಗಂಡನಿಗೂ ಅದೇ ಉತ್ತರ. ರಾತ್ರಿ ಊಟವಾದ ಮೇಲೆ, ಮೊಬೈಲಿಗೆ ಸಿಗ್ನಲ್ ಸಿಗುವ ಅಂಗಳದ ಮೂಲೆಯಲ್ಲಿ ನಿಂತು ಮುಕ್ಕಾಲು ಗಂಟೆ ಮಾತನಾಡಿದಳು. ನಡುವೆ ಅತ್ತಳು, ಕೊನೆಗೆ ನಕ್ಕಳು. ಮರುದಿನ ಅದು ಯಾರೆಂದು ವಿಚಾರಿಸಿದೆ. “ಯಲ್ಲಾಪುರದ ಕಡೆಯವಳು, ನನ್ನ ಹಾಗೆಯೇ ಆಶಾ. ಒಂದು ದಿನ ತಪ್ಪಿ ಬಂದ ಕರೆ. ಅವಳ ಹೆಸರು ನಾನು ಕೇಳಿಲ್ಲ, ನನ್ನದನ್ನು ಅವಳೂ ಕೇಳಿಲ್ಲ. ಕೇಳುವುದು ಬೇಡವೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ” ಎಂದಳು.

ನನಗೆ ಸ್ವಲ್ಪ ಕಸಿವಿಸಿಯಾಯಿತು. ಕೂಡಿ ಬಾಳುವ ಗಂಡನಿಗೂ ಅತ್ತೆಗೂ ಹೇಳದ ಮಾತನ್ನು ಹೆಸರು, ಮುಖ ಅರಿಯದ ಒಂದು ಧ್ವನಿಗೆ ಒಪ್ಪಿಸುವುದು ಸರಿಯೆ? ಹೆಸರೇ ಇಲ್ಲದಲ್ಲಿ ಸ್ನೇಹವೆಂಬುದು ಉಂಟೆ?

ಉತ್ತರ ಆಕೆಯ ಕೆಲಸದಲ್ಲಿಯೇ ಇದೆಯೆಂದು ಈಗ ನನಗೆ ತೋರುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸುಮಾರು ಸಾವಿರ ಜನಕ್ಕೊಬ್ಬ ಆಶಾ ಇರಬೇಕು, ಆಕೆ ಅದೇ ಊರಿನ ಹೆಣ್ಣುಮಗಳಾಗಿರಬೇಕು ಎಂದು ಗೊತ್ತುಮಾಡಿದರು. ನಿಯಮವೇನೋ ವಿವೇಕದ್ದೇ. ಬಸುರಿಯ ಸಂಕೋಚವಾಗಲಿ, ಲಸಿಕೆಗೆ ಹೆದರುವ ತಾಯಿಯ ಸಂದೇಹವಾಗಲಿ, ಪರಿಚಿತಳಿಗಲ್ಲದೆ ಬಾಗಿಲು ತೆರೆಯುವುದಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರದ ಹಳ್ಳಿಗಳನ್ನು ಕಾಡಿದಾಗಲೂ, 2020ರಲ್ಲಿ ಕೊರೊನಾ ಬಂದಾಗಲೂ, ಮೊದಲು ಮನೆಮನೆಯ ಮೆಟ್ಟಿಲು ಹತ್ತಿದವರು ಇಂಥವರೇ.

ಆದರೆ ಆ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ. ಕೂಸು ಕಳೆದುಕೊಂಡ ಮನೆ ಆಕೆಯ ಚಿಕ್ಕಮ್ಮನದಾಗಿರಬಹುದು. ಬಾಗಿಲಲ್ಲಿ ನಿಂತು ಬೈದವನು ಗಂಡನ ಗೆಳೆಯನಾಗಿರಬಹುದು. ತನ್ನ ದುಃಖವನ್ನು ಹೇಳಹೊರಟರೆ ಇನ್ನೊಬ್ಬರ ಗುಟ್ಟು ಹೊರಬೀಳುತ್ತದೆ. ಊರಿಗೆಲ್ಲ ಬೇಕಾದವಳೆಂದು ಆಕೆಯನ್ನು ಆರಿಸಿದರು. ಅದೇ ಕಾರಣಕ್ಕೆ ಊರಲ್ಲಿ ಆಕೆ ಬಾಯಿಬಿಡುವಂತಿಲ್ಲ.

ಕಲಿತವರ ಕಿವಿಯೂ ಉಂಟು, ನಿಜ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ತರಬೇತಿ ಪಡೆದವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅದು ದೊಡ್ಡ ಉಪಕಾರ. ಆದರೂ ಕಲಿತು ಕೇಳುವುದು ಬೇರೆ, ನಡೆದು ಕೇಳುವುದು ಬೇರೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತಕ್ಕೆ ಸೋತಿದ್ದ ಇಬ್ಬರು ತಮ್ಮ ಸೋಲನ್ನು ಒಬ್ಬರಿಗೊಬ್ಬರು ಹೇಳಿಕೊಂಡರು; ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿದ್ದು ಅಲ್ಲಿ. ಇಬ್ಬರಲ್ಲಿ ಒಬ್ಬರು ವೈದ್ಯರು. ಆದರೆ ಅಂದು ಗುಣ ಕೊಟ್ಟದ್ದು ಅವರ ವೈದ್ಯಕೀಯವಲ್ಲ, ಸಮಾನದುಃಖ.

ಹೆಸರು ಮುಚ್ಚಿಟ್ಟ ಮಾತೆಂದರೆ ನಮಗೆ ಥಟ್ಟನೆ ನೆನಪಾಗುವುದು ಮೂಕರ್ಜಿ. ಅದನ್ನು ಬರೆಯುವವನು ತನ್ನ ಹೆಸರನ್ನು ಅಡಗಿಸಿ ಇನ್ನೊಬ್ಬನ ಹೆಸರನ್ನು ಬೀದಿಗೆಳೆಯುತ್ತಾನೆ. ಇಲ್ಲಿ ಹಾಗಲ್ಲ. ಹೇಳುವವಳ ಹೆಸರಿಲ್ಲ, ಕೇಳುವವಳ ಹೆಸರಿಲ್ಲ, ನೋಯಿಸಿದವರ ಹೆಸರೂ ಇಲ್ಲ, ಉಳಿಯುವುದು ನೋವೊಂದೇ. ನಮ್ಮ ಅಜ್ಜಿಯಂದಿರು ಇದನ್ನು ಯಂತ್ರವಿಲ್ಲದೆ ಅರಿತಿದ್ದರು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ತವರಿನ ನೆನಪನ್ನೂ ಅತ್ತೆಮನೆಯ ಬೇಗೆಯನ್ನೂ ಹಾಡಿಕೊಂಡರು. ಆ ಹಾಡು ಊರು ದಾಟಿ ಇನ್ನೊಬ್ಬಳ ಕಣ್ಣೊರೆಸಿತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಅಚ್ಚುಹಾಕಿಸಿದಾಗ, ಅವನ್ನು ಕಟ್ಟಿದವರು ಯಾರೆಂದು ಹೇಳುವಂತಿರಲಿಲ್ಲ. ಹಾಗೆಂದು ಅವು ಸುಳ್ಳಾದುವೆ?

ಇಷ್ಟು ಒಪ್ಪಿದ ಮೇಲೂ ಒಂದು ಅಳುಕು ಉಳಿಯುತ್ತದೆ. ದುಡಿಸಿಕೊಳ್ಳುವವರಿಗೆ ಈ ಏರ್ಪಾಡು ಬಲು ಅಗ್ಗ. ಆಶಾಗೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಕೂಲಿ ಹೆಚ್ಚಿಸುವ ಬದಲು ಕೈಗೊಂದು ಯಂತ್ರ ಕೊಟ್ಟು, “ನಿಮ್ಮ ನಿಮ್ಮಲ್ಲೇ ಹೇಳಿಕೊಂಡು ಹಗುರಾಗಿ” ಎಂದುಬಿಡಬಹುದು. ಅಳುವಿಗೆ ಹೆಸರು ಬೇಕಿಲ್ಲ, ಹಕ್ಕಿಗೆ ಬೇಕು. ಯಾರು ಕೇಳುತ್ತಿದ್ದಾರೆಂದು ಕಾಣದಿದ್ದರೆ ಯಾರೂ ಕೊಡುವುದಿಲ್ಲ. 2025ರ ಜನವರಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತರು. ಅಲ್ಲಿ ಅವರು ಮುಖ ಮರೆಸಿಕೊಂಡಿರಲಿಲ್ಲ. ತಿಂಗಳಿಗೆ 15,000 ರೂಪಾಯಿ ಕೊಡಿರೆಂದು ಎದುರೆದುರೇ ಕೇಳಿದರು. ರಾತ್ರಿಯ ಅಂಗಳದ ಮೂಲೆಯಲ್ಲಿ ಹಗುರಾದ ಎದೆಗೆ ಹಗಲು ಹೀಗೆ ಕೇಳುವ ಬಲ ಬರುವುದಾದರೆ ಮಾತ್ರ ಆ ಹೆಸರಿಲ್ಲದ ಕಿವಿ ಸಾರ್ಥಕ.

ಹೊರಡುವ ದಿನ ಆಕೆಯನ್ನು ಕೇಳಿದೆ: “ಬೆಂಗಳೂರಿಗೆ ಹೋಗಿದ್ದೆಯಾ?”

“ಹೋಗಿದ್ದೆ. ಶಿರಸಿಯಲ್ಲಿ ಬಸ್ಸು ಹತ್ತಿದೆ. ಅಲ್ಲಿ ಯಲ್ಲಾಪುರದವರೂ ಬಂದಿದ್ದರು.”

“ಅವಳು?”

ಆಕೆ ನಕ್ಕಳು. “ಇದ್ದಿರಬೇಕು. ಎಲ್ಲರೂ ಗುಲಾಬಿ ಸೀರೆ. ಯಾರೆಂದು ತಿಳಿಯುವುದು? ಪಕ್ಕದವಳ ಕೈ ಹಿಡಿದುಕೊಂಡು ಕುಳಿತೆ.”