ಸಭೆಯ ಚಪ್ಪಾಳೆ ನಿರ್ಣಯವಲ್ಲ



ಶ್ರೀಹರಿವಾಯುಗುರುಗಳ ಕೃಪೆಯಿಂದ ಸಿದ್ಧಾರ್ಥನಗರದ ನಮ್ಮ ಸನ್ನಿಧಿಯಲ್ಲಿ ಉತ್ಸವಕಾಲದ ಉಪನ್ಯಾಸಗಳು ಯಥಾಕ್ರಮ ನಡೆದುಬರುತ್ತಿವೆ. ಹೇಳುವವರ ಮಾತು ಕೇಳುವವರ ಮನಸ್ಸನ್ನು ಒಲಿಸುವುದು ಹೇಗೆ, ಒಲಿಸಿದ್ದೆಲ್ಲವೂ ಧರ್ಮವೇ ಎಂಬ ವಿಚಾರವನ್ನು ಈ ಸಲ ಎತ್ತಿಕೊಳ್ಳಲು ನಮ್ಮದೇ ಒಂದು ತಪ್ಪು ಕಾರಣವಾಯಿತು.

ಕೆಲವು ಕಾಲದ ಹಿಂದೆ ಉಪನ್ಯಾಸವೊಂದರಲ್ಲಿ ನಾವು, ಜಗತ್ತು ಮಿಥ್ಯೆಯೆನ್ನುವವರಿಗೆ ಹಸಿವೂ ಮಿಥ್ಯೆಯಷ್ಟೆ, ಊಟವೇಕೆ ಎಂದು ಕೇಳಿದೆವು. ಸಭೆ ನಕ್ಕಿತು, ಚಪ್ಪಾಳೆಯೂ ಆಯಿತು. ಪ್ರಸಾದ ವಿನಿಯೋಗದ ಹೊತ್ತಿಗೆ ನೆರೆಬೀದಿಯ ಸ್ಮಾರ್ತ ವೃದ್ಧರೊಬ್ಬರು ಬಂದು, "ವ್ಯವಹಾರದಲ್ಲಿ ಹಸಿವು ಉಂಟೆಂದೇ ನಮ್ಮವರೂ ಹೇಳುವುದು, ಆಚಾರ್ಯರೇ. ತಮಗೆ ತಿಳಿಯದ ವಿಷಯವಲ್ಲ" ಎಂದಷ್ಟೇ ಹೇಳಿ ಹೊರಟರು. ನಿಜ. ವ್ಯಾವಹಾರಿಕ ಸತ್ತೆಯ ಮಾತನ್ನು ಪಾಠಶಾಲೆಯಲ್ಲೇ ಓದಿದ್ದೆವು. ಹೇಳಿದರೆ ನಗು ಬಾರದೆಂದು ಬಿಟ್ಟಿದ್ದೆವು.

ಶ್ರೀಮದಾಚಾರ್ಯರು 'ಕಥಾಲಕ್ಷಣ'ವೆಂಬ ಪ್ರಕರಣದಲ್ಲಿ ವಾದ, ಜಲ್ಪ, ವಿತಂಡೆಗಳೆಂದು ಚರ್ಚೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯವೊಂದನ್ನೇ ಉದ್ದೇಶಿಸಿ ಗುರುಶಿಷ್ಯರು ಅಥವಾ ಸಜ್ಜನರು ನಡೆಸುವುದು ವಾದ. ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ನಡೆಸುವುದು ಜಲ್ಪ. ತೀರ್ಪು ಹೇಳುವ ಪ್ರಾಶ್ನಿಕರು ರಾಗದ್ವೇಷರಹಿತರೂ ಸರ್ವವಿದ್ಯಾವಿಶಾರದರೂ ಆಗಿರಬೇಕು. ಒಬ್ಬರೇ ಇರಬೇಕು, ಇಲ್ಲವೇ ಬೆಸಸಂಖ್ಯೆಯಲ್ಲಿರಬೇಕು. ನಮ್ಮ ಸಭಾಂಗಣದಲ್ಲಿ ಪ್ರಾಶ್ನಿಕರೆಲ್ಲಿ? ಕುಳಿತವರು ಬಹುಮಟ್ಟಿಗೆ ನಮ್ಮವರೇ. ಪ್ರತಿವಾದಿಯ ಕೈಯಲ್ಲಿ ಧ್ವನಿವರ್ಧಕವಿಲ್ಲ. ಆದುದರಿಂದ ವೇದಿಕೆಯೇರಿದವನು ತನಗೆ ತಾನೇ ಪ್ರಾಶ್ನಿಕನಾಗಬೇಕು.

ಕಾಸರಗೋಡಿನ ಸೀಮೆಯಲ್ಲಿ ಶ್ರೀಮದಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ಹದಿನೈದು ದಿನ ವಾದ ನಡೆಯಿತೆಂಬುದು ಸಂಪ್ರದಾಯಪ್ರಸಿದ್ಧ. ಪಂಡಿತರ ಆಕ್ಷೇಪಗಳನ್ನು ಪೂರ್ತಿ ಕೇಳದೆ ಒಂದು ಪರಿಹಾಸದಿಂದ ಮುಗಿಸಿದ್ದರೆ ಅಷ್ಟು ದಿನವೇಕೆ ಬೇಕಿತ್ತು? ಹಾಗೆ ಮುಗಿದಿದ್ದರೆ ಅವರು ಶಿಷ್ಯರಾಗಿ 'ತತ್ತ್ವಪ್ರದೀಪ'ವನ್ನು ರಚಿಸುತ್ತಿದ್ದರೇ? ಸೋತವನ ಬಾಯಿ ಮುಚ್ಚುತ್ತದೆ. ಮನವರಿಕೆಯಾದವನು ಗ್ರಂಥ ಬರೆಯುತ್ತಾನೆ.

ನಮ್ಮ ಮೈಸೂರು ಸೀಮೆಯ ಬನ್ನೂರಿನಲ್ಲಿ ಅವತರಿಸಿದ ಶ್ರೀವ್ಯಾಸರಾಜರ 'ನ್ಯಾಯಾಮೃತ'ವನ್ನು ನೋಡಿರಿ. ಪರಪಕ್ಷವನ್ನು ಅದರ ಬಲದೊಡನೆಯೇ ಮುಂದಿಟ್ಟು ಅನಂತರ ಖಂಡಿಸುವುದು ಅದರ ಕ್ರಮ. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯನ್ನೇ ಬರೆಯಬೇಕಾಯಿತು. ಹಾಸ್ಯಕ್ಕೆ ಯಾರೂ ಅಂಥ ಉತ್ತರ ಬರೆಯರು.

ಹಾಗೆಂದು ಮಾತಿನ ಸೊಗಸು ತ್ಯಾಜ್ಯವೆಂದಲ್ಲ. ಕಿಷ್ಕಿಂಧಾಕಾಂಡದಲ್ಲಿ ಹನುಮಂತದೇವರ ಮೊದಲ ಮಾತನ್ನು ಕೇಳಿ ಶ್ರೀರಾಮಚಂದ್ರನು ಅದರ ಶುದ್ಧಿಯನ್ನೂ ಮಿತವನ್ನೂ ಮಾಧುರ್ಯವನ್ನೂ ಲಕ್ಷ್ಮಣನೊಡನೆ ಕೊಂಡಾಡಿದನು. ಗೀತೆಯ 17ನೆಯ ಅಧ್ಯಾಯವು ವಾಙ್ಮಯ ತಪಸ್ಸನ್ನು ಹೇಳುವಾಗ ಪ್ರಿಯವನ್ನು ಸತ್ಯಹಿತಗಳೊಡನೆ ಸೇರಿಸಿದೆ. ಪ್ರಿಯವೊಂದನ್ನೇ ಉಳಿಸಿಕೊಂಡರೆ ತಪಸ್ಸು ತಮಾಷೆಯಾಗುತ್ತದೆ.

ಮುಂದಿನ ಉಪನ್ಯಾಸದಲ್ಲಿ ನಾವು ಹಿಂದಿನ ತಪ್ಪನ್ನು ಒಪ್ಪಿಕೊಂಡು, ಪೂರ್ವಪಕ್ಷವನ್ನು ಪೂರ್ಣವಾಗಿ ನಿರೂಪಿಸಿ, ಸತ್ತೆಯಲ್ಲಿ ಇಂಥ ಅಂತಸ್ತುಗಳಿಗೆ ಪ್ರಮಾಣವೇನೆಂಬ ನಮ್ಮ ಸಿದ್ಧಾಂತದ ನಿಜವಾದ ಪ್ರಶ್ನೆಯನ್ನಿಟ್ಟೆವು. ಸಭೆ ನಗಲಿಲ್ಲ. ಆ ವೃದ್ಧರು ಹಿಂದಿನ ಸಾಲಿನಲ್ಲಿ ಮಂಗಳದವರೆಗೂ ಕುಳಿತಿದ್ದರು. ಅವರು ಒಪ್ಪಿದರೆಂದು ನಾವು ಹೇಳುವುದಿಲ್ಲ. ಅವರ ಪಕ್ಷವನ್ನು ಅವರು ಗುರುತಿಸುವಂತೆ ಹೇಳಿದೆವೆಂಬುದೇ ನಮಗೆ ಸಮಾಧಾನ.

ಶ್ರೀಕೃಷ್ಣಾರ್ಪಣಮಸ್ತು