ನಿನ್ನೆ ಕೇಳಿಸಿತ್ತಲ್ಲ!

ನಿನ್ನೆ ಫೋನಿನಲ್ಲಿ ತಂಗಿಯ ಜೊತೆ ಅರ್ಧ ಗಂಟೆ ಹರಟಿದವಳು ಇವತ್ತು ಪಕ್ಕದಲ್ಲೇ ಕೂತವರ ಮಾತಿಗೆ "ಆಂ?" ಎನ್ನುತ್ತಾಳೆ. ಕುಕ್ಕರ್ ಕೂಗಿದ್ದು ಗೊತ್ತಾಗುತ್ತದೆ, ಗಂಡ ಕಾಫಿ ಕೇಳಿದ್ದು ಗೊತ್ತಾಗುವುದಿಲ್ಲ. ಮನೆಯಲ್ಲಿ ನಗು: "ಅಮ್ಮಂದು ಜಾಣಕಿವುಡು ಬಿಡು."

ಅದೇ ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ಸಕ್ಕರೆ ಡಬ್ಬಿಯ ಮುಚ್ಚಳ ಮಗ ತೆಗೆದುಕೊಡಬೇಕು. ಬೆರಳಿನ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಊತ ಕಣ್ಣಿಗೆ ಕಾಣುತ್ತದಲ್ಲ.

ಕಿವಿಯೊಳಗೂ ಕೀಲುಗಳಿವೆ. ತಮಟೆಯ ಹಿಂದೆ ಒಂದಕ್ಕೊಂದು ತಗುಲಿಕೊಂಡ ಮೂರು ಮೂಳೆಗಳು. ಕೊನೆಯದು ರಿಕಾಪಿನ ಆಕಾರದ್ದು, ಸುಮಾರು 3 ಮಿಲಿಮೀಟರ್, ಇಡೀ ಮೈಯಲ್ಲಿ ಅತಿ ಚಿಕ್ಕ ಮೂಳೆ. ಇವು ಸೇರುವ ಕೀಲುಗಳಿಗೂ ಬೆರಳ ಕೀಲಿನಂಥದೇ ಪೊರೆಯ ಒಳಪದರ. ಈ ಸಂಧಿವಾತದಲ್ಲಿ ಮೈಯ ರಕ್ಷಣಾ ವ್ಯವಸ್ಥೆ ಬೆರಳ ಪೊರೆಯನ್ನು ಶತ್ರುವೆಂದು ಬಗೆದ ಮೇಲೆ ಇಲ್ಲಿಗೂ ಬರಬಹುದು. ಆದರೆ ಕಿವಿ ಮಂದವಾದ ಹೆಚ್ಚಿನವರಲ್ಲಿ ಪೆಟ್ಟು ಬೀಳುವುದು ಇನ್ನೂ ಒಳಗೆ, ಕಾಕ್ಲಿಯಾ ಎಂಬ ಸುರುಳಿಗೆ. ಅಲ್ಲಿಗೆ ರಕ್ತ ಒಯ್ಯುವುದು ಒಂದೇ ಒಂದು ಸಣ್ಣ ರಕ್ತನಾಳ, ಅದು ಕೆಟ್ಟರೆ ಬಳಸುದಾರಿ ಇಲ್ಲ. ಶಬ್ದ ಹಿಡಿಯುವ ಸುಮಾರು 15,000 ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೈ ತನ್ನನ್ನೇ ಶತ್ರುವೆಂದು ಬಗೆಯುವ ಇನ್ನೊಂದು ಕಾಯಿಲೆಯಾದ ಲೂಪಸ್ ಇದ್ದವರಿಗೂ, ಕಣ್ಣು ಬಾಯಿ ಒಣಗುವ ಶೋಗ್ರೆನ್ಸ್ ಇದ್ದವರಿಗೂ ಈ ತೊಂದರೆ ಬರುವುದುಂಟು. ಕೋಗನ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಂತೂ ಕಣ್ಣು ಕಿವಿ ಎರಡನ್ನೂ ಹಿಡಿಯುತ್ತದೆ.

1979ರಲ್ಲಿ ಅಮೆರಿಕದ ಬ್ರಯಾನ್ ಮೆಕೇಬ್ ಎಂಬ ವೈದ್ಯರು ಮೈಯ ರಕ್ಷಣಾ ವ್ಯವಸ್ಥೆಯೇ ಕಿವಿಗೆ ಪೆಟ್ಟು ಕೊಟ್ಟ 18 ರೋಗಿಗಳ ವಿವರ ಪ್ರಕಟಿಸಿದರು. ವಾರಗಳಲ್ಲಿ, ತಿಂಗಳುಗಳಲ್ಲಿ ಕಿವಿ ಮಂದವಾಗುತ್ತ ಹೋದವರು ಅವರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗೆ ಕೇಳುವಿಕೆ ಸುಧಾರಿಸಿತ್ತು. ಒಳಕಿವಿಯ ಈ "ನರದ ಕಿವುಡು" ಅಂದರೆ ಮುಗಿಯಿತು ಎಂದುಕೊಂಡಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸ್ಟೀರಾಯ್ಡ್ ಕೊಟ್ಟರೆ ಏರುವ ಕೇಳುವಿಕೆ, ಡೋಸ್ ಇಳಿಸಿದಾಗ ಕೆಲವರಲ್ಲಿ ಮತ್ತೆ ಇಳಿಯುತ್ತದೆ. ಈ ಏರಿಳಿತವೇ ರೋಗದ ಗುರುತು, ಮನೆಯವರ ಕಣ್ಣಿಗೆ ಮಾತ್ರ ಅದೇ ನಾಟಕದ ಸಾಕ್ಷಿ. ಪೂರಾ ಕಿವುಡಾದವರಿಗೆ ಸಿಗುವ ಸಹನೆಯೂ ಇವರಿಗೆ ಸಿಗುವುದಿಲ್ಲ. ಕೊನೆಗೆ ಕೇಳಿಸದಿದ್ದರೂ ತಲೆಯಾಡಿಸುವುದನ್ನು ಕಲಿಯುತ್ತಾರೆ, ಮದುವೆಮನೆಗೆ ಹೋಗುವುದನ್ನೇ ಬಿಡುತ್ತಾರೆ.

ಇತ್ತ ನಮ್ಮ ಮನೆಮದ್ದು: "ಗುಗ್ಗೆ ಇರಬೇಕು, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ತೊಟ್ಟು ಬಿಡು." ಹಾಗೆ ಬಿಡುತ್ತ ವಾರಗಳು ಕಳೆಯುತ್ತವೆ. ಕಿವಿ ಹಠಾತ್ತನೆ ಮಂದವಾದರೆ ಔಷಧಿ ಚೆನ್ನಾಗಿ ಹಿಡಿಯುವುದು ಮೊದಲ ಎರಡು ವಾರದಲ್ಲಿ. ಆ ದಿನಗಳು ಎಣ್ಣೆಗೆ ಹೋದರೆ ಹೋದವೇ.

ಕೀಲಿನ ಡಾಕ್ಟರ ಮುಂದೆ ಕಿವಿಯ ಸುದ್ದಿ ಎತ್ತಲು ಅನೇಕರಿಗೆ ಸಂಕೋಚ. ಕಿವಿಯ ಡಾಕ್ಟರ ಮುಂದೆ ಬೆರಳಿನ ಮಾತೂ ಬರುವುದಿಲ್ಲ. ಕಿವಿ ಪರೀಕ್ಷೆಗೆ ಹೋಗುವಾಗ ಸಂಧಿವಾತದ ಆ ಹಳೆಯ ಫೈಲನ್ನೂ ಚೀಲಕ್ಕೆ ಹಾಕಿಕೊಳ್ಳಿ, ಮಾತ್ರೆಗಳ ಪಟ್ಟಿಯ ಸಮೇತ.