ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನಬಹುದೇ?

ಲ್ಯಾಬಿನ ಮೇಜಿನ ಮೇಲೆ ಹದಿನಾರು ಗುಂಡಿಗಳ ಕೀಪ್ಯಾಡ್, ಎರಡು ಸಾಲಿನ ಎಲ್‌ಸಿಡಿ ಡಿಸ್‌ಪ್ಲೇ, ಇವೆರಡರ ನಡುವೆ ನಲವತ್ತು ಕಾಲಿನ ಮೈಕ್ರೋಕಂಟ್ರೋಲರ್. ಸರಿಯಾದ ಪಾಸ್‌ವರ್ಡ್ ಒತ್ತಿದರೆ ತೆರೆದುಕೊಳ್ಳುವ ಬಾಗಿಲ ಬೀಗ: ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ವರ್ಷವರ್ಷವೂ ಆರಿಸಿಕೊಳ್ಳುವ ಮಿನಿ ಪ್ರಾಜೆಕ್ಟ್. ವಿದ್ಯಾರ್ಥಿ 5 ಒತ್ತುತ್ತಾನೆ. ಪರದೆಯ ಮೇಲೆ ಏನೂ ಮೂಡುವುದಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಒತ್ತುತ್ತಾನೆ. ಆಗಲೂ ಇಲ್ಲ. ‘ಸರ್, ಕೀಪ್ಯಾಡ್ ಕೆಲಸ ಮಾಡ್ತಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ.

ಆ ತೀರ್ಪಿನ ಹಿಂದೆ ಭಾರತೀಯ ತತ್ತ್ವಶಾಸ್ತ್ರ ಶತಮಾನಗಳ ಕಾಲ ಜಗಳವಾಡಿದ ಒಂದು ಪ್ರಶ್ನೆಯಿದೆ. ಒಂದು ವಸ್ತು ಕಾಣಲಿಲ್ಲ ಎಂಬುದರಿಂದ ಅದು ಇಲ್ಲ ಎಂದು ತಿಳಿಯಬಹುದೇ? ತಿಳಿಯಬಹುದಾದರೆ, ಯಾವಾಗ?

ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರು ಇದಕ್ಕೆ ಧೈರ್ಯದ ಉತ್ತರ ಕೊಟ್ಟರು. ನೆಲದ ಮೇಲೆ ಗಡಿಗೆ ಇಲ್ಲ ಎಂಬ ಅರಿವು ಕಣ್ಣಿನಿಂದ ಬಂದದ್ದಲ್ಲ, ಏಕೆಂದರೆ ಕಣ್ಣು ಇರುವುದನ್ನು ಮಾತ್ರ ಮುಟ್ಟಬಲ್ಲದು. ಊಹೆಯಿಂದ ಬಂದದ್ದೂ ಅಲ್ಲ. ಕಾಣದಿರುವುದೇ ಇಲ್ಲಿ ಅರಿವಿನ ದಾರಿ. ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಅರಿವಿನ ದಾರಿಗಳ, ಅಂದರೆ ಪ್ರಮಾಣಗಳ, ಪಟ್ಟಿಯಲ್ಲಿ ಅದಕ್ಕೆ ಆರನೆಯ ಸ್ಥಾನ. ಅದ್ವೈತಿಗಳೂ ಇದನ್ನು ಒಪ್ಪಿಕೊಂಡರು. ನ್ಯಾಯದರ್ಶನದ ನೈಯಾಯಿಕರು ಒಪ್ಪಲಿಲ್ಲ, ಗಡಿಗೆಯ ಅಭಾವವನ್ನೂ ಕಣ್ಣೇ ಕಾಣುತ್ತದೆ, ಕಾಣದಿರುವಿಕೆ ಅದಕ್ಕೆ ನೆರವಷ್ಟೇ ಎಂದರು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಇಟ್ಟುಕೊಂಡ ಉಡುಪಿಯ ಮಧ್ವಾಚಾರ್ಯರ ಮತದಲ್ಲೂ ಇದಕ್ಕೆ ಬೇರೆ ಆಸನವಿಲ್ಲ.

ಆದರೆ ಜಗಳವಾಡಿದವರೆಲ್ಲ ಒಂದು ಷರತ್ತನ್ನು ಬಿಟ್ಟುಕೊಡಲಿಲ್ಲ. ಬರೀ ಕಾಣದಿದ್ದರೆ ಸಾಲದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಪರಿಸ್ಥಿತಿ ಇರಬೇಕು. ಹದಿನೇಳನೆಯ ಶತಮಾನದ ಅದ್ವೈತಿ ಧರ್ಮರಾಜಾಧ್ವರೀಂದ್ರರ ‘ವೇದಾಂತ ಪರಿಭಾಷಾ’ ಇದನ್ನು ಬಿಡಿಸಿ ಹೇಳುತ್ತದೆ: ಚೆನ್ನಾಗಿ ಬೆಳಕಿರುವ ನೆಲದ ಮೇಲೆ ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು, ಆದ್ದರಿಂದ ಅಲ್ಲಿ ಕಾಣದಿರುವುದಕ್ಕೆ ಬೆಲೆಯಿದೆ. ಕತ್ತಲಲ್ಲಿ ಆ ಬೆಲೆಯಿಲ್ಲ. ಬೌದ್ಧರಾದ ಧರ್ಮಕೀರ್ತಿಯ ಪರಂಪರೆಯದೂ ಇಂಥದೇ ಎಚ್ಚರ. ಕಣ್ಣಿಗೆ ಬೀಳುವ ಸ್ವಭಾವವೇ ಇಲ್ಲದ ಪಿಶಾಚ ಕಾಣಲಿಲ್ಲವೆಂದು ಪಿಶಾಚವಿಲ್ಲ ಎನ್ನಲು ಬರುವುದಿಲ್ಲ ಎಂದು ಅವರು ಹೇಳಿದರು. ಪಿಶಾಚ ಇದೆ ಎಂಬ ಸಾಧನೆ ಇದಲ್ಲ. ಕಾಣದಿರುವಿಕೆಗೆ ಎಷ್ಟು ದೂರ ಕೈಚಾಚುವ ಹಕ್ಕಿದೆ ಎಂಬುದರ ಗಡಿ ಇದು.

ಈಗ ಖಾಲಿ ಪರದೆಗೆ ಬರೋಣ. ಇಂಥ ಡಿಸ್‌ಪ್ಲೇಗಳ ಒಳಗೆ ಹಿಟಾಚಿಯ ಎಚ್‌ಡಿ44780 ಅಥವಾ ಅದನ್ನೇ ಅನುಸರಿಸುವ ಚಿಪ್ ಇರುತ್ತದೆ. ಅಕ್ಷರಗಳು ಮೊದಲು ಅದರ 80 ಬೈಟ್ ನೆನಪಿನಲ್ಲಿ ಕೂರುತ್ತವೆ. ಅಲ್ಲಿ ಕೂತದ್ದು ಕಣ್ಣಿಗೆ ಕಾಣಬೇಕಾದರೆ ಮೂರನೆಯ ಪಿನ್ನಿನ ವೋಲ್ಟೇಜ್ ಹದವಾಗಿರಬೇಕು. ಅದು 5 ವೋಲ್ಟ್ ಹತ್ತಿರವಿದ್ದರೆ ಪರದೆ ಬರಿದು. ಸೊನ್ನೆಗೆ ಇಳಿಸಿದರೆ ಬೇಕಾದ ಚುಕ್ಕಿ ಬೇಡದ ಚುಕ್ಕಿ ಎಲ್ಲವೂ ಕಪ್ಪಾಗಿ ಚೌಕಗಳು ತುಂಬಿಕೊಳ್ಳುತ್ತವೆ. ಅದಕ್ಕೆಂದೇ ಪಕ್ಕದಲ್ಲಿ 10 ಕಿಲೋಓಮ್‌ನ ಸಣ್ಣ ನೀಲಿ ಪ್ರಿಸೆಟ್ ಇಡುತ್ತಾರೆ. ತೆಳು ಸ್ಕ್ರೂಡ್ರೈವರಿನ ತುದಿಯನ್ನು ಅದರ ಗೀರಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದಾಗ, ಕೂದಲೆಳೆಯಷ್ಟು ಸರಿದದ್ದೇ, ಬರಿದಾಗಿದ್ದ ಗಾಜಿನಲ್ಲಿ 5 ಎಂಬ ಅಂಕಿ ಮಸುಕಾಗಿ ಎದ್ದು ಗಾಢವಾಗುತ್ತದೆ. ಅದು ಈಗ ಹುಟ್ಟಿದ್ದಲ್ಲ. ಮೊದಲ ಒತ್ತಿಗೇ ಅಲ್ಲಿ ಬಂದು ಕೂತಿತ್ತು.

ಅದ್ವೈತಿ ಹೇಳಿದ ಬೆಳಕು ಈ ಮೇಜಿನ ಮೇಲೆ ಪ್ರಿಸೆಟ್ಟಿನ ರೂಪದಲ್ಲಿದೆ. ಕಾಂಟ್ರಾಸ್ಟ್ ಸರಿಯಿದೆ ಎಂದು ಖಚಿತವಾಗುವ ತನಕ ಪರದೆಯ ಶೂನ್ಯ ಕೀಪ್ಯಾಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೈಕ್ರೋಕಂಟ್ರೋಲರಿನ ಬಗ್ಗೆಯೂ, ಕೋಡಿನ ಬಗ್ಗೆಯೂ ಅಷ್ಟೇ. ದೋಷ ಹುಡುಕುವ ಕೆಲಸದಲ್ಲಿ ಪಳಗಿದವರು ಎದುರಿಗಿರುವುದನ್ನು ರಿಪೇರಿ ಮಾಡಲು ಹೊರಡುವುದಿಲ್ಲ. ಕಾಣಬೇಕಾದದ್ದು ಕಾಣುವಂತಿದೆಯೇ ಎಂದು ಮೊದಲು ನೋಡುತ್ತಾರೆ. ಇದು ಬರೀ ಅನುಭವದ ಕೈಚಳಕವೆಂದು ತೋರಬಹುದು. ಅದಕ್ಕಿಂತ ಹೆಚ್ಚಿನದು: ಅರಿವು ಯಾವಾಗ ಅರಿವಾಗುತ್ತದೆ ಎಂಬ ಪ್ರಶ್ನೆಯ ಬಗ್ಗೆ ತಳೆದ ಒಂದು ನಿಲುವು, ಸರಿಯಾದ ನಿಲುವು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಕೀಪ್ಯಾಡ್ ಸರಿಯಿದೆಯೇ ಎಂದು ತಿಳಿಯಲು ವಿದ್ಯಾರ್ಥಿ ನೋಡುವುದು ಡಿಸ್‌ಪ್ಲೇಯನ್ನು. ಡಿಸ್‌ಪ್ಲೇ ಸರಿಯಿದೆಯೇ ಎಂದು ತಿಳಿಯಲು ಒತ್ತುವುದು ಕೀಪ್ಯಾಡನ್ನು. ಒಂದಕ್ಕೆ ಇನ್ನೊಂದು ಸಾಕ್ಷಿ, ಇನ್ನೊಂದಕ್ಕೆ ಇದು. ತರ್ಕಶಾಸ್ತ್ರದಲ್ಲಿ ಈ ದೋಷಕ್ಕೆ ಅನ್ಯೋನ್ಯಾಶ್ರಯ ಎನ್ನುತ್ತಾರೆ. ಮೂರನೆಯದೊಂದು ಉಪಕರಣ ತಂದರೂ ಬಿಡುಗಡೆಯಿಲ್ಲ. ಅದನ್ನು ಪರೀಕ್ಷಿಸಲು ನಾಲ್ಕನೆಯದು ಬೇಕು. ಬೌದ್ಧ ದಾರ್ಶನಿಕ ನಾಗಾರ್ಜುನ ‘ವಿಗ್ರಹವ್ಯಾವರ್ತನೀ’ಯಲ್ಲಿ ಪ್ರಮಾಣವಾದಿಗಳನ್ನು ಹಿಡಿದು ನಿಲ್ಲಿಸಿದ್ದು ಈ ಇಕ್ಕಟ್ಟಿನಲ್ಲೇ. ವಸ್ತುಗಳನ್ನು ಪ್ರಮಾಣಗಳು ಸಾಧಿಸುತ್ತವೆ ಎನ್ನುತ್ತೀರಿ, ಪ್ರಮಾಣಗಳನ್ನು ಸಾಧಿಸುವುದು ಯಾವುದು?

ನ್ಯಾಯಸೂತ್ರದ ಎರಡನೆಯ ಅಧ್ಯಾಯ ಇಂಥ ಆಕ್ಷೇಪಕ್ಕೆ ತಕ್ಕಡಿಯನ್ನು ಮುಂದಿಡುತ್ತದೆ. ತಕ್ಕಡಿ ತೂಗುವಾಗ ಪ್ರಮಾಣ. ಅದೇ ತಕ್ಕಡಿಯ ಮೇಲೆ ಸಂಶಯ ಬಂದಾಗ, ತೂಕ ಮೊದಲೇ ಗೊತ್ತಿರುವ ಚಿನ್ನವನ್ನಿಟ್ಟು ತಕ್ಕಡಿಯನ್ನೇ ಪರೀಕ್ಷಿಸುತ್ತಾರೆ. ಆಗ ಅದು ಪ್ರಮೇಯ, ಅಂದರೆ ಅಳೆಯಲ್ಪಡುವ ವಸ್ತು. ಒಂದೇ ವಸ್ತು ಎರಡೂ ಪಾತ್ರ ವಹಿಸಬಲ್ಲದು, ಆದರೆ ಒಂದೇ ಕ್ಷಣದಲ್ಲಿ ಅಲ್ಲ. ಲ್ಯಾಬಿನ ಚಿನ್ನ ಯಾವುದು? ಕೀಪ್ಯಾಡನ್ನು ಪೂರ್ತಿ ಕಳಚಿಟ್ಟು, ಪವರ್ ಕೊಟ್ಟ ಕೂಡಲೇ ಪರದೆಯ ಮೇಲೆ ಒಂದು ನಿಶ್ಚಿತ ಪದ ಮೂಡಿಸುವ ನಾಲ್ಕು ಸಾಲಿನ ಪ್ರೋಗ್ರಾಂ. ಅದು ಮೂಡಿದರೆ ಪರದೆ ಸಾಕ್ಷಿಯಾಗಲು ಅರ್ಹ. ಆಮೇಲೆ ಅದರ ಮಾತು ನಂಬಿ ಕೀಪ್ಯಾಡ್ ಜೋಡಿಸಬಹುದು.

ಮೂಡದಿದ್ದರೆ? ಮೊದಲ ಸಾಲಿನಲ್ಲಿ ಮಾತ್ರ ಕಪ್ಪು ಚೌಕಗಳು ನಿಂತಿದ್ದರೆ ಪರದೆಗೆ ವಿದ್ಯುತ್ ಬಂದಿದೆ, ಕಾಂಟ್ರಾಸ್ಟ್ ಇದೆ, ಆದರೆ ಆರಂಭದ ಆದೇಶಗಳು ತಲುಪಿಲ್ಲ ಎಂದರ್ಥ. 1980ರಲ್ಲಿ ಇಂಟೆಲ್ ತಂದ 8051 ವಂಶದ ಚಿಪ್ಪುಗಳಲ್ಲಿ ಇದಕ್ಕೊಂದು ಪ್ರಸಿದ್ಧ ಕಾರಣವಿದೆ. ನಾಲ್ಕು ಪೋರ್ಟುಗಳಲ್ಲಿ ಮೂರಕ್ಕೆ, ಪಿನ್ನನ್ನು ಮೇಲಕ್ಕೆ ಎಳೆಯುವ ಪುಲ್-ಅಪ್ ಒಳಗೇ ಇದೆ. ಪೋರ್ಟ್ 0ಕ್ಕೆ ಇಲ್ಲ. ಪ್ರೋಗ್ರಾಂ ಅಲ್ಲಿ 1 ಎಂದು ಬರೆದರೆ ಪಿನ್ ಎಲ್ಲಿಗೂ ಅಂಟದೆ ತೇಲುತ್ತದೆ. ಹೊರಗಿನಿಂದ 10 ಕಿಲೋಓಮ್ ರೆಸಿಸ್ಟರ್ ಹಾಕಿ ಮೇಲಕ್ಕೆ ಎಳೆದರೆ ಮಾತ್ರ ಅದು ನಿಜವಾದ 1. ಕಂಪ್ಯೂಟರಿನ ಸಿಮ್ಯುಲೇಟರ್ ಕಿಟಕಿಯಲ್ಲಿ 1 ಕಾಣುತ್ತಿರುತ್ತದೆ, ಮಲ್ಟಿಮೀಟರಿನ ಪ್ರೋಬ್ ತುದಿಯನ್ನು ಪಿನ್ನಿಗೆ ತಾಗಿಸಿದರೆ 5 ವೋಲ್ಟ್ ಸಿಗುವುದಿಲ್ಲ. ‘ಸಿಮ್ಯುಲೇಷನ್‌ನಲ್ಲಿ ಓಡಿತ್ತು ಸರ್’ ಎನ್ನುವ ವಿದ್ಯಾರ್ಥಿ ಸುಳ್ಳು ಹೇಳುತ್ತಿಲ್ಲ. ಅವನು ಕಂಡದ್ದು ಪಿನ್ ಹೇಗಿರಬೇಕಿತ್ತೋ ಅದನ್ನು.

ಇನ್ನು ಕೆಲವು ದೋಷಗಳನ್ನು ಮೀಟರೂ ಹಿಡಿಯಲಾರದು. ಎಟಿಮೆಗಾ32 ಚಿಪ್ಪಿನ ಪೋರ್ಟ್ ಸಿಗೆ ಕೀಪ್ಯಾಡ್ ಜೋಡಿಸಿದವರು, ವೈರ್ ಸರಿಯಿದ್ದೂ ಕೋಡ್ ಸರಿಯಿದ್ದೂ ನಾಲ್ಕು ಪಿನ್ನುಗಳು ಮಾತು ಕೇಳದೆ ಕಂಗಾಲಾಗುತ್ತಾರೆ. ಕಾರ್ಖಾನೆಯಿಂದ ಬರುವಾಗಲೇ ಆ ನಾಲ್ಕನ್ನು ಜೆಟ್ಯಾಗ್ ಎಂಬ ಪರೀಕ್ಷಾ ವ್ಯವಸ್ಥೆಗೆ ಮೀಸಲಿಟ್ಟಿರುತ್ತಾರೆ. ಇದನ್ನು ಎಷ್ಟು ದಿಟ್ಟಿಸಿದರೂ ಚಿಪ್ ಹೇಳುವುದಿಲ್ಲ, ಡೇಟಾಶೀಟ್ ಹೇಳುತ್ತದೆ. ಪವರ್ ಬಂದ ಮೇಲೆ ಎಲ್‌ಸಿಡಿಗೆ ಕನಿಷ್ಠ 15 ಮಿಲಿಸೆಕೆಂಡ್ ಬಿಡುವು ಕೊಟ್ಟು ಮೊದಲ ಆದೇಶ, ಮತ್ತೆ 4.1 ಮಿಲಿಸೆಕೆಂಡ್ ಕಳೆದು ಎರಡನೆಯದು ಎಂಬ ಕ್ರಮವೂ ಹಾಗೆಯೇ, ಅದನ್ನು ತಯಾರಿಸಿದವರ ಮಾತಿನಿಂದಲ್ಲದೆ ತಿಳಿಯದು. ಕಣ್ಣಿಗೂ ಊಹೆಗೂ ಎಟುಕದ ಕಡೆ ಬಲ್ಲವರ ಮಾತೇ ಪ್ರಮಾಣ ಎಂದು ಶಬ್ದಪ್ರಮಾಣಕ್ಕೆ ಜಾಗ ಬಿಟ್ಟವರನ್ನು ಕುರುಡು ನಂಬಿಕೆಯವರೆಂದು ತಳ್ಳಿಹಾಕುವ ರೂಢಿ ಇದೆ. ಡೇಟಾಶೀಟ್ ತೆರೆಯದೆ ಇಡೀ ಸಂಜೆ ವೈರ್ ಬದಲಿಸಿದವರು ಹಾಗೆ ತಳ್ಳಿಹಾಕಲಾರರು.

ಇರುವುದು ಕಾಣದಿರುವ ಕಷ್ಟ ಇದಾದರೆ, ಇಲ್ಲದ್ದು ಕಾಣುವ ಕಷ್ಟವೂ ಕೀಪ್ಯಾಡಿನಲ್ಲಿದೆ. ಹದಿನಾರು ಗುಂಡಿಗೆ ಹದಿನಾರು ವೈರ್ ಎಳೆಯದೆ ನಾಲ್ಕು ಸಾಲು, ನಾಲ್ಕು ಕಾಲಂಗಳ ಜಾಲ ಹೆಣೆದಿರುತ್ತಾರೆ. ಮೈಕ್ರೋಕಂಟ್ರೋಲರ್ ಒಂದೊಂದೇ ಸಾಲನ್ನು ಸೊನ್ನೆಗೆ ಇಳಿಸಿ, ಯಾವ ಕಾಲಂ ಅದರೊಂದಿಗೆ ಇಳಿಯಿತು ಎಂದು ನೋಡುತ್ತದೆ. ಗುಂಡಿಯನ್ನು ಅದು ಕಾಣುವುದೇ ಇಲ್ಲ, ಊಹಿಸುತ್ತದೆ. ಎಲ್ಲಿ ಸಾಲಿಗೂ ಕಾಲಂಗೂ ಸಂಪರ್ಕವೋ ಅಲ್ಲಿ ಗುಂಡಿ ಒತ್ತಿದೆ ಎಂಬುದು ಅದರ ವ್ಯಾಪ್ತಿ, ಅಂದರೆ ಊಹೆಗೆ ಆಧಾರವಾದ ನಿಯಮ. ಈಗ 1, 2, 4 ಮೂರನ್ನೂ ಒಟ್ಟಿಗೆ ಒತ್ತಿ, ಉಳಿದ ಸಾಲುಗಳನ್ನು ತೇಲಲು ಬಿಟ್ಟಿದ್ದರೆ, ಎರಡನೆಯ ಸಾಲಿನ ಸೊನ್ನೆ 4ರ ಮೂಲಕ ಮೊದಲ ಕಾಲಂಗೆ, ಅಲ್ಲಿಂದ 1ರ ಮೂಲಕ ಮೊದಲ ಸಾಲಿಗೆ, 2ರ ಮೂಲಕ ಎರಡನೆಯ ಕಾಲಂಗೆ ಸುತ್ತಿ ಬರುತ್ತದೆ. ಯಾರೂ ಮುಟ್ಟದ 5 ಒತ್ತಿದಂತೆ ದಾಖಲಾಗುತ್ತದೆ. ಲ್ಯಾಬಿನಲ್ಲಿ ಇದಕ್ಕೆ ಗೋಸ್ಟ್ ಕೀ ಎನ್ನುತ್ತಾರೆ.

ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಎಂಬ ಊಹೆ ಏಕೆ ತಪ್ಪೆಂದು ನೈಯಾಯಿಕರು ತೋರಿಸಿದ ರೀತಿ ಇಲ್ಲಿ ಅಕ್ಷರಶಃ ಹೊಂದುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಹೇಳದೆ ಒಳಗೆ ಅಡಗಿದ್ದ ಆ ಷರತ್ತೇ ಉಪಾಧಿ. ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶರು ‘ತತ್ತ್ವಚಿಂತಾಮಣಿ’ಯಲ್ಲಿ ಈ ಉಪಾಧಿಗೆಂದೇ ದೀರ್ಘ ಚರ್ಚೆ ಮೀಸಲಿಟ್ಟರು. ಕೀಪ್ಯಾಡಿನ ಊಹೆಯ ಉಪಾಧಿ: ವಿದ್ಯುತ್ತಿಗೆ ಬೇರೆ ದಾರಿ ಇರಬಾರದು. ಗುಂಡಿಗೊಂದು ಡಯೋಡ್ ಸೇರಿಸಿದರೆ ಹಿಮ್ಮುಖ ದಾರಿ ಮುಚ್ಚುತ್ತದೆ, ಅದೇ ಊಹೆ ನಿರ್ದುಷ್ಟವಾಗುತ್ತದೆ. ಕೋಡಿನ ಒಂದಕ್ಷರವೂ ಬದಲಾಗಿರುವುದಿಲ್ಲ.

ಇಷ್ಟೆಲ್ಲ ಪರೀಕ್ಷೆ ಎಲ್ಲಿ ನಿಲ್ಲಬೇಕು? ಮಲ್ಟಿಮೀಟರನ್ನು ಪರೀಕ್ಷಿಸಿದವರು ಯಾರು, ಅದನ್ನು ಓದುವ ಕಣ್ಣನ್ನು? ಅರಿವು ತಾನೇ ಪ್ರಮಾಣ, ಬಾಧಕ ಬರುವ ತನಕ ನಂಬು ಎಂದರು ಮೀಮಾಂಸಕರು. ಅರಿವನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ಅದರ ಸತ್ಯ ತಿಳಿಯುತ್ತದೆ ಎಂದರು ನೈಯಾಯಿಕರು. ಮಧ್ವರ ಮತದಲ್ಲಿ ಸಂಶಯ ಬಂದಾಗ ಪರೀಕ್ಷೆಯಿದೆ, ಆದರೆ ಕೊನೆಯ ನಿಶ್ಚಯ ಜೀವದೊಳಗಿನ ಸಾಕ್ಷಿಯದು. ಅದಿಲ್ಲದಿದ್ದರೆ ಪರೀಕ್ಷೆಯ ಸರಪಳಿಗೆ ಕೊನೆಯೇ ಇರದು. ಎಲ್ಲಿಯೋ ನಿಲ್ಲಲೇಬೇಕು ಎಂಬುದಕ್ಕೆ ಸಾಕ್ಷಿಯ ವಾದದಷ್ಟು ಬಲವಾದ ಸಮರ್ಥನೆ ಬೇರೆಯಿಲ್ಲ. ಆದರೆ ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯಲು ನ್ಯಾಯದ ಬಳಿಗೇ ಹೋಗಬೇಕು.

ನ್ಯಾಯದ ಆ ಫಲದ ಒರೆಗಲ್ಲಿನಲ್ಲೂ ಒಂದು ಬಿರುಕಿದೆ. ಬ್ರೆಡ್‌ಬೋರ್ಡಿನ ವೈರುಗಳನ್ನೆಲ್ಲ ಒಮ್ಮೆ ಒತ್ತಿ, ಅಲ್ಲಾಡಿಸಿ, ರೀಸೆಟ್ ಒತ್ತಿದಾಗ ಎಲ್ಲವೂ ಓಡತೊಡಗುತ್ತದೆ. ‘ಲೂಸ್ ಕನೆಕ್ಷನ್ ಇತ್ತು’ ಎನ್ನುತ್ತಾರೆ. ಇದ್ದಿರಲೂಬಹುದು. ಆದರೆ ತಿಳಿದು ಹೇಳಿದ್ದೇ? ಹನ್ನೆರಡನೆಯ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ನಿಜಜ್ಞಾನದ ಲಕ್ಷಣಗಳನ್ನು ಒಡೆಯುತ್ತ, ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಎಂದು ಕೇಳಿದಾಗ ಬಾಯಿಗೆ ಬಂದಂತೆ ಐದು ಎಂದವನನ್ನು ತರುತ್ತಾನೆ. ಮುಷ್ಟಿಯಲ್ಲಿ ಐದೇ ಇವೆ. ಮಾತು ನಿಜವಾಯಿತು, ಜ್ಞಾನವಾಗಲಿಲ್ಲ.

ಆದ್ದರಿಂದಲೇ ಬೀಗ ತೆರೆದ ಮೇಲೂ ಪರೀಕ್ಷೆ ಮುಗಿಯಬಾರದು. ಪೋರ್ಟ್ 0ಕ್ಕೆ ಹಾಕಿದ ರೆಸಿಸ್ಟರುಗಳನ್ನು ಕಿತ್ತು ಪವರ್ ತೆಗೆದು ಮತ್ತೆ ಕೊಟ್ಟರೆ ಪದ ಮಾಯವಾಗಿ ಕಪ್ಪು ಚೌಕಗಳು ಮರಳಬೇಕು; ಅವನ್ನು ಮತ್ತೆ ಹಾಕಿ ಹಾಗೆಯೇ ಮಾಡಿದರೆ ಪದ ಬರಬೇಕು. ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು, ಅನ್ವಯ ಮತ್ತು ವ್ಯತಿರೇಕ ಎರಡೂ. ಸರಿಯಾದದ್ದನ್ನು ಬೇಕೆಂದೇ ಮತ್ತೆ ಕೆಡಿಸುವ ಈ ಎರಡನೆಯ ಅರ್ಧವನ್ನು ಲ್ಯಾಬಿನ ಅವಸರದಲ್ಲಿ ಬಹುತೇಕರು ಬಿಟ್ಟುಬಿಡುತ್ತಾರೆ. ಪ್ರಾಜೆಕ್ಟಿನ ವೈವಾದಲ್ಲಿ ಓಡುತ್ತಿರುವ ಬೋರ್ಡನ್ನು ನೋಡಿ ಅಂಕ ಕೊಡುವುದಕ್ಕಿಂತ, ‘ಇದನ್ನು ಇಂಥ ತಪ್ಪು ಬರುವ ಹಾಗೆ ಕೆಡಿಸಿ ತೋರಿಸು’ ಎಂದು ಕೇಳುವುದು ಮೇಲು. ಕಾರಣ ತಿಳಿದವನು ಒಂದೇ ರೆಸಿಸ್ಟರಿಗೆ ಕೈಹಾಕುತ್ತಾನೆ. ತಿಳಿಯದವನು ಎಲ್ಲ ವೈರುಗಳನ್ನೂ ಮತ್ತೊಮ್ಮೆ ಅಲ್ಲಾಡಿಸತೊಡಗುತ್ತಾನೆ.